ಬಾನೆಟ್ ಲಾಕ್ ವಿನ್ಯಾಸ ಮಾಡುವವರಿಗೆ ಪೀಣ್ಯದಿಂದ ಒಂದು ಪತ್ರ

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಮತ್ತು ಸುತ್ತಲಿನ ಕಚೇರಿಗಳಲ್ಲಿ ಕೂತು ಭಾರಿ ಲಾರಿಗಳ ಬಿಡಿಭಾಗಗಳನ್ನು ವಿನ್ಯಾಸ ಮಾಡುತ್ತಿರುವ ಎಂಜಿನಿಯರ್ ಮಿತ್ರರೇ,



ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ನನ್ನದೊಂದು ಸಣ್ಣ ಪ್ರೆಸ್ ಶಾಪ್ ಇದೆ. ತಗಡು ಕತ್ತರಿಸುವುದು, ತೂತು ಹೊಡೆಯುವುದು, ಬಗ್ಗಿಸುವುದು ನಮ್ಮ ಕೆಲಸ. ಲಾರಿಯ ಬಾನೆಟ್ ಲಾಕಿಗೆ ಬೇಕಾಗುವ ಕೊಕ್ಕೆ, ಲಿವರ್, ಬ್ರಾಕೆಟ್‌ಗಳನ್ನೂ ಮಾಡಿಕೊಡುತ್ತೇವೆ. ನಿಮ್ಮಂಥವರು ಬರೆದ ಡ್ರಾಯಿಂಗ್‌ಗಳು ಎರಡು ಮೂರು ಕೈ ದಾಟಿ ನನ್ನ ಮೇಜಿಗೆ ಬರುತ್ತವೆ. ಟೈಟಲ್ ಬ್ಲಾಕಿನ ಮೂಲೆಯಲ್ಲಿ ನಿಮ್ಮ ಹೆಸರಿನ ಮೊದಲಕ್ಷರಗಳಿರುತ್ತವೆ. ನಿಮ್ಮ ಮುಖ ನಾನು ಕಂಡಿಲ್ಲ. ಆದರೂ ಡ್ರಾಯಿಂಗ್ ಓದುತ್ತ ಹೋದಂತೆ ಯಾರದು ಎಚ್ಚರದ ಕೈ, ಯಾರಿಗೆ ಅವಸರವಿತ್ತು, ಯಾರು ಒಮ್ಮೆಯಾದರೂ ಪ್ರೆಸ್ಸಿನ ಮುಂದೆ ನಿಂತವರು ಎಂಬುದು ಗೊತ್ತಾಗಿಬಿಡುತ್ತದೆ.

ನಾನು ಕೇಳಿಕೊಳ್ಳುವುದು ಒಂದೇ ಮಾತು. ಲಾಕಿನ ಡ್ರಾಯಿಂಗಿಗೆ ಕೊನೆಯ ಸಹಿ ಬೀಳುವ ಮೊದಲು, ಅದನ್ನು ಮಾಡುವ ಜಾಗಕ್ಕೂ, ಲಾರಿಯ ಲಾಕುಗಳನ್ನು ದಿನಾ ತೆಗೆದು ಹಾಕುವ ಮನುಷ್ಯನ ಹತ್ತಿರಕ್ಕೂ ಒಮ್ಮೆ ಬಂದು ಹೋಗಿ. ಎರಡೂ ಇದೇ ಊರಿನಲ್ಲಿವೆ.

ನಿಮ್ಮ ಕೆಲಸದ ಬಗ್ಗೆ ನನಗೆ ಅಭಿಮಾನವಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮಲ್ಲಿ ಬಹಳ ಮಂದಿ ದಾವಣಗೆರೆ, ಹಾಸನ, ಬಾಗಲಕೋಟೆ, ಪುತ್ತೂರಿನಂಥ ಊರುಗಳ ಕಾಲೇಜುಗಳಲ್ಲಿ ಮೆಕ್ಯಾನಿಕಲ್ ಓದಿ ಬಂದವರು. ಜೊತೆಯವರು ಸಾಫ್ಟ್‌ವೇರ್ ಕಡೆ ಹೊರಳಿದಾಗಲೂ ಗಾಲಿ, ಗೇರು, ಸ್ಪ್ರಿಂಗುಗಳನ್ನು ಬಿಡದೆ ಉಳಿದವರು. ಡೈಮ್ಲರ್ ಟ್ರಕ್ ಕಂಪನಿ ಬೆಂಗಳೂರಿನಲ್ಲಿ ತನ್ನ ಇನ್ನೋವೇಶನ್ ಸೆಂಟರ್ ಇಟ್ಟುಕೊಂಡಿದೆ. ಅಮೆರಿಕದ ಹೆದ್ದಾರಿಗಳಲ್ಲಿ ಓಡುವ ಫ್ರೈಟ್‌ಲೈನರ್, ವೆಸ್ಟರ್ನ್ ಸ್ಟಾರ್ ಲಾರಿಗಳು ಅದೇ ಕಂಪನಿಯವು. ಹೊಸಕೋಟೆಯಲ್ಲಿ 1998ರಲ್ಲಿ ಲಾರಿ ಜೋಡಿಸಲು ಶುರು ಮಾಡಿದ ವೋಲ್ವೊ ಸಮೂಹದ ಎಂಜಿನಿಯರಿಂಗ್ ತಂಡವೂ ಇಲ್ಲೇ ಇದೆ. ಅಮೆರಿಕದ ಮ್ಯಾಕ್ ಲಾರಿ ಆ ಸಮೂಹಕ್ಕೆ ಸೇರಿದ್ದು. ಇವುಗಳ ಜೊತೆಗೆ ಹೊರದೇಶದ ಕಂಪನಿಗಳ ವಿನ್ಯಾಸದ ಕೆಲಸ ಹಿಡಿದು ಮಾಡಿಕೊಡುವ ಎಂಜಿನಿಯರಿಂಗ್ ಸೇವಾ ಕಂಪನಿಗಳು ಐಟಿಪಿಎಲ್ ರಸ್ತೆಯಿಂದ ಎಲೆಕ್ಟ್ರಾನಿಕ್ ಸಿಟಿಯವರೆಗೆ ಹರಡಿಕೊಂಡಿವೆ. ಆರ್.ಕೆ. ಬಾಳಿಗಾ ಅವರ ಕನಸಿನಂತೆ 1978ರಲ್ಲಿ ಸರ್ಕಾರಿ ಸಂಸ್ಥೆ ಕಿಯೋನಿಕ್ಸ್ ಕೋನಪ್ಪನ ಅಗ್ರಹಾರ, ದೊಡ್ಡತೋಗೂರಿನ 335 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಅಡಿಪಾಯ ಹಾಕಿದಾಗ, ಮುಂದೊಂದು ದಿನ ಮೊಂಟಾನಾದ ಹಿಮದಲ್ಲಿ ನಿಲ್ಲುವ ಲಾರಿಯ ಬಾನೆಟ್ ಲಾಕನ್ನು ಈ ಊರಿನ ಹುಡುಗ ಹುಡುಗಿಯರು ಬರೆಯುತ್ತಾರೆ ಎಂದು ಯಾರೂ ಎಣಿಸಿರಲಿಕ್ಕಿಲ್ಲ.

ತೊಡಕಿರುವುದು ಅಲ್ಲೇ. ನೀವು ಬರೆಯುವ ಲಾರಿ ನಿಮ್ಮ ಮನೆ ಮುಂದಿನ ರಸ್ತೆಯಲ್ಲಿ ಓಡುವುದಿಲ್ಲ.

ಒಂದು ಕಾಲಕ್ಕೆ ನಮ್ಮಲ್ಲೂ ಮೂತಿ ಚಾಚಿದ ಲಾರಿಗಳೇ ಇದ್ದವು. ಟಾಟಾದವರು 1954ರಲ್ಲಿ ಡೈಮ್ಲರ್ ಬೆನ್ಜ್ ಜೊತೆಗೂಡಿ ಜಮ್‌ಶೆಡ್‌ಪುರದಲ್ಲಿ ಲಾರಿ ಮಾಡತೊಡಗಿದಾಗ ಬಂದ ಗಾಡಿಗೆ ಎಂಜಿನ್ ಮುಂದೆ, ಡ್ರೈವರ್ ಹಿಂದೆ. ಆಮೇಲೆ ಬಂದ ಎಸ್‌ಇ ಮಾದರಿಯಲ್ಲಿ ಮೂತಿ ಗಿಡ್ಡವಾಯಿತು. ಈಗ ಕಾರ್ಖಾನೆಯಿಂದ ಹೊರಬರುವ ದೊಡ್ಡ ಲಾರಿಗಳಲ್ಲಿ ಬಾನೆಟ್ಟೇ ಇಲ್ಲ ಎನ್ನಬಹುದು. ಡ್ರೈವರ್ ಎಂಜಿನ್ನಿನ ಮೇಲೇ ಕೂತಿರುತ್ತಾನೆ. ಯುರೋಪಿನದೂ ಇದೇ ದಾರಿ. ಅಲ್ಲಿ ಲಾರಿ ಮತ್ತು ಸೆಮಿಟ್ರೇಲರ್ ಕೂಡಿ ಸಾಮಾನ್ಯವಾಗಿ 16.5 ಮೀಟರ್ ಮೀರುವಂತಿಲ್ಲ. ಮೂತಿ ಉದ್ದವಾದಷ್ಟೂ ಸರಕಿನ ಜಾಗ ಹೋಗುತ್ತದೆ. ಅಮೆರಿಕದಲ್ಲಿ 1982ರ ಕಾಯ್ದೆ ಮುಖ್ಯ ಹೆದ್ದಾರಿಗಳಲ್ಲಿ ಇಡೀ ಗಾಡಿಯ ಉದ್ದಕ್ಕಿದ್ದ ಮಿತಿ ತೆಗೆದು, ಟ್ರೇಲರಿನ ಉದ್ದವನ್ನಷ್ಟೇ ಲೆಕ್ಕಕ್ಕೆ ಇಟ್ಟಿತು. ಮೂತಿಯಿಂದ ನಷ್ಟವಿಲ್ಲ ಎಂದಾದ ಮೇಲೆ ಅಲ್ಲಿನವರು ಮತ್ತೆ ಉದ್ದ ಬಾನೆಟ್ಟಿನ ಲಾರಿಗೇ ಮರಳಿದರು. ಎಂಜಿನ್ ರಿಪೇರಿಗೆ ಸುಲಭ, ಕೂತವನಿಗೆ ಕುಲುಕಾಟ ಕಡಿಮೆ.

ಆ ಬಾನೆಟ್ ಕಾರಿನದ್ದರಂತೆ ಮುಂದಿನಿಂದ ಮೇಲೇಳುವುದಿಲ್ಲ. ಅದರ ಹಿಂಜು ಮುಂದೆ, ಬಂಪರಿನ ಹತ್ತಿರ, ಚಾಸಿಗೆ ಕೂತಿರುತ್ತದೆ. ಲಾಕು ಹಿಂದೆ, ವಿಂಡ್‌ಸ್ಕ್ರೀನಿನ ಬುಡದ ಎರಡೂ ಪಕ್ಕದಲ್ಲಿ. ಚಾಲಕ ಎರಡೂ ಕಡೆಯ ಲಾಕು ಬಿಚ್ಚಿ, ಮುಂದೆ ಬಂದು, ಬಂಪರಿಗೆ ಕಾಲು ಕೊಟ್ಟು, ಹಿಡಿ ಹಿಡಿದು ತನ್ನತ್ತ ಎಳೆಯುತ್ತಾನೆ. ಹೆಡ್‌ಲೈಟು, ಚಕ್ರದ ಮೇಲಿನ ಮಡ್‌ಗಾರ್ಡುಗಳ ಸಮೇತ ಇಡೀ ಮುಂಭಾಗ ಮುಂದಕ್ಕೆ ಬಾಗಿ ಬರುತ್ತದೆ. ಅಮೆರಿಕದ ಸುರಕ್ಷತಾ ನಿಯಮ 113 ಎಂಬುದು 1969ರ ಜನವರಿ 1ರಿಂದ ಜಾರಿಯಲ್ಲಿದೆ. ಪ್ರತಿ ಬಾನೆಟ್ಟಿಗೂ ಲಾಕು ಇರಲೇಬೇಕು. ಮುಂದಿನಿಂದ ತೆರೆದು ಚಾಲಕನ ನೋಟಕ್ಕೆ ಅಡ್ಡ ಬರುವಂಥ ಬಾನೆಟ್ಟಾದರೆ ಎರಡನೆಯ ಹಿಡಿತವೂ ಇರಬೇಕು ಎನ್ನುತ್ತದೆ ಅದು. ಮುಂದಕ್ಕೆ ಬಾಗುವ ಲಾರಿ ಬಾನೆಟ್ಟನ್ನು ಓಡುವಾಗ ಗಾಳಿಯೇ ಒತ್ತಿ ಹಿಡಿಯುವುದರಿಂದ ಆ ಎರಡನೆಯ ಷರತ್ತು ಅದಕ್ಕೆ ತಾಗುವುದಿಲ್ಲ.

ಇದನ್ನು ಓದಿದ ಕೆಲವರು ಲಾರಿಯ ಲಾಕು ಹಗುರ ವಿಷಯ ಎಂದುಕೊಳ್ಳುತ್ತಾರೆ. ಹಾಗಾದರೆ ಅದು ಮಾಡುವ ಕೆಲಸವೇನು ಎಂದು ನೋಡೋಣ. ಬಾನೆಟ್ಟಿನ ಮುಂದಿನ ತುದಿ ಚಾಸಿಯ ಮೇಲಿದೆ, ಹಿಂದಿನ ತುದಿ ಕ್ಯಾಬಿನ್ನಿನ ಮೇಲೆ ಒರಗಿದೆ. ಕ್ಯಾಬಿನ್ ತನ್ನದೇ ಸಸ್ಪೆನ್ಷನ್ ಮೇಲೆ ತೇಲುತ್ತದೆ, ಚಾಸಿ ಹಳ್ಳ ದಿಣ್ಣೆಗೆ ತಕ್ಕಂತೆ ತಿರುಚಿಕೊಳ್ಳುತ್ತದೆ. ಎಡಗಾಲಿ ಗುಂಡಿಗೆ ಇಳಿದರೆ ಬಾನೆಟ್ಟಿನ ಮೂತಿ ಎಡಕ್ಕೆ ವಾಲುತ್ತದೆ, ಬಾಲ ವಾಲಲು ಒಪ್ಪುವುದಿಲ್ಲ. ಈ ಜಗ್ಗಾಟವನ್ನು ದಿನವಿಡೀ ತಾಳಬೇಕಾದದ್ದು ಎರಡು ಲಾಕುಗಳು. ತೀರಾ ಬಿಗಿಯಾಗಿ ಹಿಡಿದರೆ ಫೈಬರಿನ ಬಾನೆಟ್ ಹಿಂಜಿನ ಬಳಿ ಸೀಳು ಬಿಡುತ್ತದೆ. ಸಡಿಲ ಬಿಟ್ಟರೆ ಬಾನೆಟ್ ಕುಪ್ಪಳಿಸಿ, ಅದರಲ್ಲೇ ಕೂತಿರುವ ಹೆಡ್‌ಲೈಟಿನ ಬೆಳಕು ರಸ್ತೆ ಬಿಟ್ಟು ಮರದ ಮೇಲೆ ಬೀಳುತ್ತದೆ. ಹಿಡಿಯಬೇಕು, ಆದರೆ ಬಿಟ್ಟು ಹಿಡಿಯಬೇಕು. ಬಹಳ ವರ್ಷ ಅಮೆರಿಕದ ಲಾರಿಗಳ ಪಕ್ಕದಲ್ಲಿ ಟಿ ಆಕಾರದ ರಬ್ಬರ್ ಪಟ್ಟಿಗಳೇ ಲಾಕಾಗಿ ಇದ್ದುದು ಈ ಕಾರಣಕ್ಕೆ. ರಬ್ಬರು ಹಿಗ್ಗುತ್ತದೆ, ಮತ್ತೆ ಎಳೆದುಕೊಳ್ಳುತ್ತದೆ. ಗ್ಯಾರೇಜಿನಲ್ಲಿ ಎರಡು ನಿಮಿಷದಲ್ಲಿ ಬದಲಾಯಿಸಬಹುದು.

ಈಗ ನೀವು ಬರೆಯುವ ಲೋಹದ ಲಾಕುಗಳಲ್ಲೂ ಅದೇ ಗುಣ ಬರಬೇಕು. ಲಿವರ್ ಎಳೆದು ಬಿಗಿಸುವ ಓವರ್ ಸೆಂಟರ್ ಲಾಕನ್ನೇ ತೆಗೆದುಕೊಳ್ಳಿ. ಹಳೆಯ ಕಬ್ಬಿಣದ ಟ್ರಂಕಿನ ಮುಂದಿರುತ್ತಿದ್ದ ಕ್ಲಿಪ್ಪಿನದೇ ತತ್ತ್ವ: ಹಿಡಿ ಒಂದು ಗೆರೆಯನ್ನು ದಾಟುವವರೆಗೆ ವಿರೋಧಿಸುತ್ತದೆ, ದಾಟಿತೆಂದರೆ ಒಳಗಿನ ಎಳೆತವೇ ಅದನ್ನು ಮುಚ್ಚಿ ಹಿಡಿಯುತ್ತದೆ. ಆ ಗೆರೆಯಿಂದ ಎಷ್ಟು ಆಚೆ ಹೋಗಿ ನಿಲ್ಲಬೇಕು ಎಂಬುದರಲ್ಲೇ ವಿನ್ಯಾಸಕಾರನ ಜಾಣ್ಮೆ ಇದೆ. ಕಡಿಮೆಯಾದರೆ ಕುಲುಕಾಟಕ್ಕೆ ಬಿಚ್ಚಿಕೊಳ್ಳುತ್ತದೆ, ಹೆಚ್ಚಾದರೆ ಬಿಚ್ಚಲು ಪೈಲ್ವಾನನೇ ಬೇಕು. ಕಂಪ್ಯೂಟರ್ ನಿಮಗೆ ಒಂದು ಕೋನ ಕೊಡುತ್ತದೆ. ಆದರೆ ಆ ದೊಡ್ಡ ಫೈಬರ್ ಬಾನೆಟ್ ಅಚ್ಚಿನಿಂದ ಬರುವಾಗ ಒಂದೊಂದೂ ಕೆಲವು ಮಿಲಿಮೀಟರ್ ಹೆಚ್ಚು ಕಡಿಮೆ ಇರುತ್ತದೆ. ತಗಡಿನ ಕೆಲಸದವರಾದ ನಮಗೆ ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕೆ ಕಟ್ಟುನಿಟ್ಟು ಮಾಡಿ ಏನು ಬಂತು? ಆ ಕಟ್ಟುನಿಟ್ಟಿನ ಬದಲು ಬ್ರಾಕೆಟ್ಟಿಗೆ ಒಂದು ಉದ್ದ ತೂತು ಕೊಟ್ಟು, ಜೋಡಿಸುವವನು ಸರಿಸಿ ಬಿಗಿಸುವಂತೆ ಮಾಡಿದರೆ ಕೆಲಸ ಆಯಿತು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಯಾಕೆ?

ಇನ್ನು ಲಾಕು ತೆಗೆಯುವ ಕೈಯ ಮಾತು. ಅಮೆರಿಕದ ನಿಯಮದ ಪ್ರಕಾರ ಗಾಡಿ ಸುರಕ್ಷಿತ ಸ್ಥಿತಿಯಲ್ಲಿದೆ ಎಂದು ಚಾಲಕನಿಗೆ ಖಾತ್ರಿಯಾದ ಮೇಲೆಯೇ ಅದನ್ನು ಓಡಿಸಬೇಕು. ಲೈಸೆನ್ಸ್ ಪರೀಕ್ಷೆಯಲ್ಲೇ ಆ ತಪಾಸಣೆ ಮಾಡಿ ತೋರಿಸಬೇಕು. ಬೆಳಕು ಹರಿಯುವ ಮೊದಲು, ಕೊರೆಯುವ ಚಳಿಯಲ್ಲಿ, ದಪ್ಪ ಕೈಗವಸು ಹಾಕಿಕೊಂಡು ಆತ ಅಥವಾ ಆಕೆ ಆ ಲಿವರಿಗೆ ಕೈ ಹಾಕುತ್ತಾರೆ. ಉತ್ತರದ ರಾಜ್ಯಗಳಲ್ಲಿ ಶೂನ್ಯಕ್ಕಿಂತ 40 ಡಿಗ್ರಿ ಕೆಳಗಿಳಿಯುವ ರಾತ್ರಿಗಳುಂಟು. ರಬ್ಬರು ಅಲ್ಲಿ ಮರದ ತುಂಡಾಗುತ್ತದೆ, ಗ್ರೀಸು ಮೇಣವಾಗುತ್ತದೆ. ರಸ್ತೆಗೆ ಎರಚಿದ ಉಪ್ಪು ಸಂದುಗೊಂದುಗಳಲ್ಲೆಲ್ಲ ಕೂತಿರುತ್ತದೆ. ನಿಮ್ಮ ಸಾಫ್ಟ್‌ವೇರಿನಲ್ಲಿ ಮ್ಯಾನಿಕಿನ್ ಎಂಬ ಬೊಂಬೆ ಇದೆ, ಗಿಡ್ಡನೆಯ ಹೆಂಗಸಿನಿಂದ ಎತ್ತರದ ಗಂಡಸಿನವರೆಗೆ ಅಳತೆ ಬದಲಿಸಿ ಕೈ ಎಟುಕುತ್ತದೆಯೇ ಎಂದು ನೋಡುತ್ತೀರಿ. ಒಳ್ಳೆಯದೇ. ಆದರೆ ಬೊಂಬೆಯ ಬೆರಳು ಮರಗಟ್ಟುವುದಿಲ್ಲ. ಹೊಲಿಗೆ ಎದ್ದ ಚರ್ಮದ ಕೈಗವಸು ಲಿವರಿನ ಹಿಂದೆ ಸಿಕ್ಕಿಕೊಳ್ಳುವುದೂ ಇಲ್ಲ. ಗವಸು ಹಾಕಿದ ನಾಲ್ಕು ಬೆರಳು ಹಿಡಿಯ ಹಿಂದೆ ಪೂರ್ತಿ ಇಳಿಯಬೇಕು. ಅಷ್ಟು ಜಾಗ ಬಿಟ್ಟಿದ್ದೀರಾ ಎಂದು ತಿಳಿಯಲು ಕೈಗವಸು ಹಾಕಿಕೊಂಡು ಹಿಡಿದು ನೋಡಬೇಕು, ಅಷ್ಟೇ. ಒಂದು ಜೊತೆ ಗವಸು ಎಸ್.ಪಿ. ರಸ್ತೆಯಲ್ಲಿ ಸಿಗುತ್ತದೆ.

ಸಣ್ಣ ಸಂದು ಎಷ್ಟು ದೊಡ್ಡ ಕೆಲಸ ಕೆಡಿಸಬಹುದು ಎಂಬುದಕ್ಕೆ ಕಾರಿನ ಲೋಕದ ಒಂದು ದಾಖಲೆ ಇದೆ. ನಿಸಾನ್ ಕಂಪನಿ 2013ರಿಂದ 2018ರವರೆಗಿನ ಮಾದರಿಯ ಆಲ್ಟಿಮಾ ಕಾರುಗಳನ್ನು, ಸುಮಾರು 18 ಲಕ್ಷ, 2020ರಲ್ಲಿ ಅಮೆರಿಕದಲ್ಲಿ ವಾಪಸ್ ಕರೆಯಬೇಕಾಯಿತು. ಕಾರಣ ಬಾನೆಟ್ಟಿನ ಎರಡನೆಯ ಲಾಕು. ಅದರ ಕೀಲಿನ ಬಳಿ ಬಣ್ಣ ಚಕ್ಕೆ ಎದ್ದು, ಬರಿಗಬ್ಬಿಣಕ್ಕೆ ತುಕ್ಕು ಹಿಡಿದು, ಧೂಳು ಕೂತು, ಲಿವರ್ ತೆರೆದ ಜಾಗದಲ್ಲೇ ಕಚ್ಚಿಕೊಳ್ಳುತ್ತಿತ್ತು. ಮೊದಲನೆಯ ಲಾಕು ಅಕಸ್ಮಾತ್ ಬಿಟ್ಟರೆ ಎರಡನೆಯದು ಹಿಡಿಯಬೇಕಿತ್ತು, ಹಿಡಿಯಲು ಅದು ತನ್ನ ಜಾಗಕ್ಕೆ ಮರಳಿರುತ್ತಲೇ ಇರಲಿಲ್ಲ. ಇದೇ ದೋಷಕ್ಕೆ ಅದಕ್ಕೂ ಮೊದಲು ಕಾರುಗಳನ್ನು ಕರೆಸಿ ಸರಿ ಮಾಡಿದ್ದರು. ಆ ಮದ್ದು ಸಾಲದೆ ಹೋಯಿತು. ಲೆಕ್ಕದಲ್ಲಿ ಲಿವರಿನ ಬಲಕ್ಕೆ ಕೊರತೆ ಇದ್ದಿರಲಿಕ್ಕಿಲ್ಲ. ಒಂದರ ಮೇಲೊಂದು ಜಾರುವ ಎರಡು ತಗಡಿನ ನಡುವೆ ಬಣ್ಣ ಎಷ್ಟು ದಿನ ಬಾಳುತ್ತದೆ ಎಂಬ ಪ್ರಶ್ನೆ ಮಾತ್ರ ಉಳಿದಿತ್ತು. ಇಂಥ ಪ್ರಶ್ನೆಗೆ ಉತ್ತರ ಬೇಕಾದರೆ ಪೀಣ್ಯದ ಯಾವುದೇ ಪೌಡರ್ ಕೋಟಿಂಗ್ ಶೆಡ್ಡಿಗೆ ಹೋಗಿ ಅಲ್ಲಿನ ಮೇಸ್ತ್ರಿಯನ್ನು ಕೇಳಿ. ಜಾರುವ ಮುಖಕ್ಕೆ ಬಣ್ಣ ಕೊಡಬೇಡಿ, ಟೇಪು ಹಚ್ಚಿ ಮುಚ್ಚಿ, ಇಲ್ಲವೇ ಬುಶ್ ಹಾಕಿ ಎಂದು ಆತ ನಿಂತಲ್ಲೇ ಹೇಳುತ್ತಾನೆ.

ನನ್ನ ಕಸುಬಿನ ಮಾತಿಗೆ ಬರುತ್ತೇನೆ, ಇಲ್ಲಿ ಸ್ವಲ್ಪ ನಿಧಾನ ಮಾಡುತ್ತೇನೆ.

ಪಂಚ್ ಕತ್ತರಿಸಿದ ತಗಡಿನ ಅಂಚು ನಿಮ್ಮ ಪರದೆಯಲ್ಲಿ ಕಾಣುವಷ್ಟು ನೇರವಾಗಿ ಇರುವುದಿಲ್ಲ. ಒಂದು ಕೊಕ್ಕೆಯನ್ನು ಕೈಯಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಓರೆ ಮಾಡಿ. ಅಂಚಿನ ಮೇಲ್ತುದಿ ಸ್ವಲ್ಪ ದುಂಡಗೆ ಜಾರಿದೆ. ಅದರ ಕೆಳಗೆ ಹೊಳೆಯುವ ನುಣುಪು ಪಟ್ಟಿ, ದಪ್ಪದ ಮೂರನೇ ಒಂದು ಭಾಗದಷ್ಟು. ಅದರ ಕೆಳಗೆ ಹರಿದ, ಮಾಸಲು ಬಣ್ಣದ ಒರಟು ಭಾಗ, ಒಳಕ್ಕೆ ಓರೆಯಾಗಿ ಹೋಗಿದೆ. ಕಟ್ಟಕಡೆಗೆ ಬರ್ ಎಂಬ ಚೂಪು ಏಣು, ಕಣ್ಣಿಗೆ ಕಾಣದಿದ್ದರೂ ಹೆಬ್ಬೆರಳಿನ ಉಗುರನ್ನು ಅಡ್ಡಡ್ಡ ಎಳೆದರೆ ತಡೆಯುತ್ತದೆ. ನಿಮ್ಮ ಲೆಕ್ಕದಲ್ಲಿ 5 ಮಿಲಿಮೀಟರ್ ದಪ್ಪದ ಕೊಕ್ಕೆ ಸ್ಟ್ರೈಕರ್ ಕಂಬಿಯನ್ನು ಪೂರ್ತಿ 5 ಮಿಲಿಮೀಟರ್ ಅಗಲಕ್ಕೆ ತಬ್ಬಿ ಹಿಡಿದಿರುತ್ತದೆ. ನಿಜದಲ್ಲಿ ತಾಗುವುದು ಆ ನುಣುಪು ಪಟ್ಟಿ ಮಾತ್ರ, ಎರಡು ಮಿಲಿಮೀಟರಿಗಿಂತ ಕಡಿಮೆ. ಹೊರೆಯೆಲ್ಲ ಅಲ್ಲೇ. ಮೊದಲ ಕೆಲವು ಸಾವಿರ ಕಿಲೋಮೀಟರಿನಲ್ಲಿ ಅದು ಸವೆಯುತ್ತದೆ, ಲಾಕು ಸಡಿಲವಾಗುತ್ತದೆ, ಯಾರೋ ನಮ್ಮ ಉಕ್ಕು ಮೆತ್ತಗಿದೆ ಎಂದು ದೂರು ಬರೆಯುತ್ತಾರೆ.

ಬರ್ ಯಾವ ಬದಿಗೆ ಬೀಳುತ್ತದೆ ಎಂಬುದು ಇನ್ನೊಂದು ವಿಚಾರ. ಪ್ರೋಗ್ರೆಸಿವ್ ಟೂಲಿನಲ್ಲಿ ಮೊದಲು ತೂತು ಹೊಡೆದು ಆಮೇಲೆ ಹೊರ ಆಕಾರ ಕತ್ತರಿಸಿ ಕೆಳಗೆ ಬೀಳಿಸಿದರೆ, ತೂತಿನ ಬರ್ ಒಂದು ಮುಖಕ್ಕೆ, ಹೊರ ಅಂಚಿನ ಬರ್ ಎದುರು ಮುಖಕ್ಕೆ. ಕಾಂಪೌಂಡ್ ಟೂಲಿನಲ್ಲಿ ಒಂದೇ ಏಟಿಗೆ ಎರಡೂ ಆದರೆ ಎರಡು ಬರ್‌ಗಳೂ ಒಂದೇ ಮುಖದಲ್ಲಿ. ಲಿವರ್ ತನ್ನ ಪಕ್ಕದ ತಗಡಿಗೆ ಒರೆಸಿಕೊಂಡು ತಿರುಗುವಾಗ ಬರ್ ಇರುವ ಮುಖ ಅತ್ತ ಇತ್ತೋ, ಪ್ಲೇಟಿಂಗನ್ನು ಉಜ್ಜಿ ತೆಗೆಯುತ್ತದೆ. ಮೇಲೆ ಹೇಳಿದ ತುಕ್ಕಿನ ಕಥೆ ಅಲ್ಲಿಂದ ಶುರುವಾಗುತ್ತದೆ. ಚಾಲಕನ ಬೆರಳು ತಾಗುವ ಕಡೆ ಇತ್ತೋ, ಬೆರಳು ಕುಯ್ಯುತ್ತದೆ. ಡ್ರಾಯಿಂಗಿನಲ್ಲಿ ಒಂದು ಬಾಣದ ಗುರುತು ಹಾಕಿ ‘ಬರ್ ಈ ಬದಿಗೆ’ ಎಂದು ಬರೆದರೆ ಸಾಕು. ಟೂಲ್ ಮಾಡುವ ಮುಂಚೆ ಹೇಳಿದರೆ ಅದಕ್ಕೆ ಒಂದು ಪೈಸೆ ಖರ್ಚಿಲ್ಲ. ಟೂಲ್ ಆದ ಮೇಲೆ ಹೇಳಿದರೆ ಹೊಸ ಟೂಲೇ ಆಗಬೇಕು.

ಒಂದು ಕಚೇರಿಯಿಂದ ನಮಗೆ ಬಂದ ಡ್ರಾಯಿಂಗಿನಲ್ಲಿ, ಯಾವುದಕ್ಕೂ ತಾಗದೆ ಗಾಳಿಯಲ್ಲಿ ನಿಲ್ಲುವ ಅಂಚಿಗೆ ಹತ್ತನೇ ಒಂದು ಮಿಲಿಮೀಟರಿನ ಬಿಗಿ ಹಾಕಿದ್ದರು. ಸ್ಟ್ರೈಕರ್ ಕೂರುವ ಗೂಡಿನ ಒರಟುತನದ ಬಗ್ಗೆ, ಬರ್ ಬಗ್ಗೆ, ಒಂದಕ್ಷರ ಇರಲಿಲ್ಲ. ಕೇಳಿ ಬರೆದ ಪತ್ರಕ್ಕೆ ‘ಡ್ರಾಯಿಂಗ್ ಪ್ರಕಾರ ಮಾಡಿ’ ಎಂಬ ಒಂದು ಸಾಲಿನ ಉತ್ತರ ಬಂತು. ಡ್ರಾಯಿಂಗ್ ಪ್ರಕಾರವೇ ಮಾಡಿದೆವು. ಪರೀಕ್ಷೆಯಲ್ಲಿ ಗೂಡು ಸವೆದು ಇಡೀ ಲಾಟು ಹಿಂದಕ್ಕೆ ಬಂದು ಗುಜರಿಗೆ ಹೋಯಿತು. ಕೆಲಸ ಮಾಡಿದ ಆಪರೇಟರ್‌ಗಳಿಗೆ ಅದಕ್ಕಿಂತ ದೊಡ್ಡ ಅವಮಾನ ಬೇರೆ ಇಲ್ಲ. ಆ ಡ್ರಾಯಿಂಗ್ ಬರೆದವರು ದಡ್ಡರೆಂದು ನಾನು ನಂಬುವುದಿಲ್ಲ. ಪಂಚ್ ಕತ್ತರಿಸಿದ ಅಂಚನ್ನು ಅವರಿಗೆ ಯಾರೂ ತೋರಿಸಿರಲಿಲ್ಲ. ಗೂಡಿಗೆ ಫೈನ್ ಬ್ಲಾಂಕಿಂಗ್ ಮಾಡಿಸಬಹುದಿತ್ತು, ಅಥವಾ ಕತ್ತರಿಸಿದ ಮೇಲೆ ಇನ್ನೊಂದು ತೆಳು ಪೊರೆ ಶೇವ್ ಮಾಡಬಹುದಿತ್ತು. ಅಲ್ಲಿ ಸೇರುವ ಖರ್ಚನ್ನು ಆ ಬೇಡದ ಅಂಚಿನ ಬಿಗಿ ಸಡಿಲಿಸಿ ಉಳಿಸಬಹುದಿತ್ತು. ಹತ್ತು ನಿಮಿಷ ಪ್ರೆಸ್ಸಿನ ಪಕ್ಕ ನಿಂತು ಮಾತಾಡಿದ್ದರೆ ಇಬ್ಬರ ಕೆಲಸವೂ ಉಳಿಯುತ್ತಿತ್ತು.

ಪ್ಲೇಟಿಂಗಿನ ಬಗ್ಗೆಯೂ ಒಂದು ಮಾತು ಸೇರಿಸುತ್ತೇನೆ, ಏಕೆಂದರೆ ಡ್ರಾಯಿಂಗಿನಲ್ಲಿ ಅತಿ ಹೆಚ್ಚು ಬಿಟ್ಟುಹೋಗುವುದು ಇದು. ಲಾಕಿನ ಸ್ಪ್ರಿಂಗು, ಗಟ್ಟಿ ಮಾಡಿದ ಕೊಕ್ಕೆ ಇವುಗಳಿಗೆ ಸತುವಿನ ಪ್ಲೇಟಿಂಗ್ ಮಾಡುವಾಗ ಆಸಿಡ್ಡಿನಿಂದಲೂ ಕರೆಂಟಿನಿಂದಲೂ ಹೈಡ್ರೋಜನ್ ಉಕ್ಕಿನೊಳಗೆ ಇಳಿಯುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ತಪಾಸಣೆಯಲ್ಲಿ ಪಾಸಾಗುತ್ತದೆ, ಜೋಡಣೆಯಾಗುತ್ತದೆ, ಆಮೇಲೆ ಒಂದು ದಿನ ನಿಂತಲ್ಲೇ ಪಟಕ್ಕನೆ ಮುರಿಯುತ್ತದೆ. ಪರಿಹಾರ ಸುಲಭ: ಪ್ಲೇಟಿಂಗ್ ಮುಗಿದ ನಾಲ್ಕು ಗಂಟೆಯೊಳಗೆ ಓವನ್ನಿಗೆ ಹಾಕಿ ಸುಮಾರು 200 ಡಿಗ್ರಿಯಲ್ಲಿ ಗಂಟೆಗಟ್ಟಲೆ ಬೇಯಿಸಬೇಕು. ನಮ್ಮ ಕೈಗಾರಿಕಾ ಪ್ರದೇಶದ ಅನುಭವಸ್ಥ ಪ್ಲೇಟರುಗಳಿಗೆ ಇದು ಗೊತ್ತು. ಆದರೆ ಓವನ್ನಿಗೆ ಕರೆಂಟು ಬೇಕು, ಹೊತ್ತು ಬೇಕು, ಕಿಲೋ ಲೆಕ್ಕದ ದರದಲ್ಲಿ ಅದಕ್ಕೆ ಜಾಗವಿಲ್ಲ. ಡ್ರಾಯಿಂಗಿನಲ್ಲಿ ಬರೆದಿದ್ದರೆ ದರ ಕೇಳುವ ಹಕ್ಕು ಅವರಿಗೆ ಬರುತ್ತದೆ. ಇಲ್ಲದಿದ್ದರೆ ಎಲ್ಲಕ್ಕಿಂತ ಕಡಿಮೆ ದರ ಹೇಳಿದವನಿಗೆ ಆರ್ಡರು ಹೋಗುತ್ತದೆ, ಆತ ಬೇಯಿಸುವುದಿಲ್ಲ. ಉಪ್ಪುನೀರಿನ ಮಂಜಿನ ಪರೀಕ್ಷೆ, ಅಂದರೆ 35 ಡಿಗ್ರಿಯಲ್ಲಿ ಶೇಕಡ 5ರ ಉಪ್ಪಿನ ನೀರು ಸಿಂಪಡಿಸುವುದು, ತುಕ್ಕನ್ನು ಹಿಡಿಯುತ್ತದೆಯೇ ಹೊರತು ಈ ಒಳಗಿನ ಬಿರುಕನ್ನು ಹಿಡಿಯುವುದಿಲ್ಲ.

ಅಮೆರಿಕದ ಲಾರಿಯ ಮಾತು ಇಷ್ಟಾಯಿತು. ನಮ್ಮ ಲಾರಿಗಳಲ್ಲಿ ಬಾನೆಟ್ ಇಲ್ಲವಾದರೂ ಲಾಕು ಇದೆ, ಅದರ ಜವಾಬ್ದಾರಿ ಇನ್ನೂ ದೊಡ್ಡದು. ಎಂಜಿನ್ ಮುಟ್ಟಬೇಕೆಂದರೆ ಸೀಟು, ಸ್ಟೀರಿಂಗು, ಮಲಗುವ ಬರ್ತು ಸಮೇತ ಇಡೀ ಕ್ಯಾಬಿನ್ನನ್ನು ಮುಂದಕ್ಕೆ ಎತ್ತಬೇಕು. ಯಶವಂತಪುರದ ದೇವರಾಜ ಅರಸು ಟ್ರಕ್ ಟರ್ಮಿನಲ್ಲಿನಲ್ಲೋ, ತುಮಕೂರು ರಸ್ತೆಯ ಗ್ಯಾರೇಜುಗಳಲ್ಲೋ ಅರ್ಧ ದಿನ ನಿಂತರೆ ಇದು ಕಣ್ಣೆದುರೇ ನಡೆಯುತ್ತದೆ. ಮೊದಲು ಕ್ಲೀನರ್ ಒಳಗಿನ ಸಾಮಾನೆಲ್ಲ ಇಳಿಸುತ್ತಾನೆ: ಸ್ಟವ್, ನೀರಿನ ಕ್ಯಾನು, ಹಾಸಿಗೆ ಸುರುಳಿ, ಡ್ಯಾಶ್‌ಬೋರ್ಡಿನ ಮೇಲಿನ ದೇವರ ಪಟ. ಅವು ಒಳಗೇ ಉಳಿದರೆ ಮುಂದಿನ ಗಾಜಿಗೆ ಬಂದು ಬೀಳುತ್ತವೆ. ಆಮೇಲೆ ಪಕ್ಕದ ಪಂಪಿನ ಹಿಡಿ ಹಾಕಿ ಏಟಿನ ಮೇಲೆ ಏಟು ಹೊಡೆದರೆ ಕ್ಯಾಬಿನ್ ನಿಧಾನಕ್ಕೆ ತಲೆ ತಗ್ಗಿಸುತ್ತದೆ. ಕೆಲಸ ಮುಗಿದು ಇಳಿಸುವಾಗ ಹಿಂದಿನ ಎರಡೂ ಲಾಕುಗಳು ಕಚ್ಚಿಕೊಳ್ಳಬೇಕು. ಅನುಭವಸ್ಥ ಮೆಕ್ಯಾನಿಕ್ ಅದನ್ನು ಕಿವಿಯಲ್ಲಿ ಕೇಳಿ ತಿಳಿಯುತ್ತಾನೆ, ಎರಡು ಸದ್ದು ಬೇರೆ ಬೇರೆ ಬರಬೇಕು. ಒಂದೇ ಬಂದರೆ ಮತ್ತೆ ಎತ್ತುತ್ತಾನೆ.

ಆ ಎರಡನೆಯದು ಕಚ್ಚದೆ ಲಾರಿ ಹೊರಟು, ಮುಂದೆ ಎಲ್ಲೋ ಚಾಲಕ ಜೋರಾಗಿ ಬ್ರೇಕ್ ಒತ್ತಿದರೆ ಏನಾಗಬಹುದು ಎಂದು ಎಣಿಸಿ. ಅದಕ್ಕಾಗಿಯೇ ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆ ದೀಪವಿಡುತ್ತಾರೆ. ಆದರೆ ಕೆಂಪುಮಣ್ಣು, ಗ್ರೀಸು, ಮಳೆ ನೀರು ಸೇರಿದ ಕಡೆ ಆ ದೀಪದ ಸ್ವಿಚ್ಚೇ ಮೊದಲು ಕೈ ಕೊಡುತ್ತದೆ. ಕೊಟ್ಟ ಮೇಲೆ ದೀಪ ಸದಾ ಉರಿಯುತ್ತಿರುತ್ತದೆ, ಸದಾ ಉರಿಯುವ ದೀಪವನ್ನು ಯಾರೂ ನೋಡುವುದಿಲ್ಲ. ಹಾಗಾಗಿ ಲಾಕು ಕಚ್ಚಿದೆಯೋ ಇಲ್ಲವೋ ಎಂಬುದು ಹೊರಗೆ ನಿಂತವನ ಬರಿಗಣ್ಣಿಗೆ ಕಾಣುವಂತೆ ಮಾಡಿ. ಕಚ್ಚದಿದ್ದರೆ ಹೊರಗೆ ಚಾಚಿಕೊಳ್ಳುವ ಒಂದು ಬಣ್ಣದ ಪಿನ್ ಸಾಕು. ಇಂಥದ್ದು ಮೀಟಿಂಗಿನಲ್ಲಿ ಹೊಳೆಯುವುದು ಕಷ್ಟ, ಕ್ಲೀನರ್ ಹುಡುಗನ ಪಕ್ಕದಲ್ಲಿ ನಿಂತಾಗ ತಾನಾಗಿ ಹೊಳೆಯುತ್ತದೆ. 2025ರಿಂದ ನಮ್ಮ ದೇಶದಲ್ಲಿ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಕ್ಯಾಬಿನ್ನಿಗೆ ಎ.ಸಿ. ಕಡ್ಡಾಯವಾಗಿದೆ. ಚಾಲಕರಿಗೆ ಇದು ಎಂದೋ ಸಿಗಬೇಕಿದ್ದ ನ್ಯಾಯ. ಅದರ ಜೊತೆ ಕ್ಯಾಬಿನ್ನಿನ ತೂಕವೂ ಪೈಪುಗಳ ಗೋಜಲೂ ಹೆಚ್ಚಿದೆ, ಎತ್ತುವ ಪಂಪಿಗೂ ಹಿಡಿಯುವ ಲಾಕಿಗೂ ಹೊಸ ಲೆಕ್ಕ ಬೇಕು. ಅಮೆರಿಕದ ಲಾಕಿಗೆ ನೀವು ಕೊಡುವಷ್ಟೇ ಗಮನ ಇದಕ್ಕೂ ಬೇಕೆಂದು ಕೇಳುವ ಹಕ್ಕು ಈ ರಸ್ತೆಯ ಚಾಲಕರಿಗೆ ಇದೆ.

ತಂಡದ ಮುಖ್ಯಸ್ಥರಾಗಿರುವವರಿಗೂ ಹೇಳುವುದಿದೆ. ನಿಮ್ಮ ಎಂಜಿನಿಯರುಗಳ ಪ್ರತಿ ಗಂಟೆಯೂ ಯಾವುದೋ ಪ್ರಾಜೆಕ್ಟಿನ ಲೆಕ್ಕಕ್ಕೆ ಬರೆಯಬೇಕು ಎಂಬುದು ನನಗೆ ಗೊತ್ತು. ‘ಕಾರ್ಖಾನೆ ನೋಡಿ ಬಂದೆ’ ಎಂದು ಬರೆಯಲು ಆ ಟೈಮ್‌ಶೀಟಿನಲ್ಲಿ ಒಂದು ಕಾಲಮ್ಮು ಮಾಡಿಕೊಡಿ. ಡಿಎಫ್‌ಎಂಇಎ ಎಂಬ, ದೋಷಗಳನ್ನು ಮೊದಲೇ ಊಹಿಸಿ ಬರೆಯುವ ಕೋಷ್ಟಕದಲ್ಲಿ ‘ತಯಾರಿಕೆಯಲ್ಲಿ ಆಗಬಹುದಾದ ವ್ಯತ್ಯಾಸ’ ಎಂದು ಬರೆಯುವವರು ಆ ವ್ಯತ್ಯಾಸ ಹೇಗಿರುತ್ತದೆಂದು ಕಂಡಿರಬೇಕಲ್ಲವೇ? ಈ ಊರಿನಲ್ಲಿ ಅದನ್ನು ಕಾಣುವ ಜಾಗಗಳಿಗೆ ಬಡತನವಿಲ್ಲ. ಡೆನ್ಮಾರ್ಕಿನ ಸಹಕಾರದಲ್ಲಿ 1972ರಲ್ಲಿ ಶುರುವಾದ ಸರ್ಕಾರಿ ಟೂಲ್ ತರಬೇತಿ ಕೇಂದ್ರ ಜಿಟಿಟಿಸಿ ರಾಜಾಜಿನಗರದಲ್ಲಿದೆ, ಟೂಲ್ ಅಂಡ್ ಡೈ ಕಲಿಸುವ ಎನ್‌ಟಿಟಿಎಫ್ ಪೀಣ್ಯದಲ್ಲಿದೆ, 1962ರಿಂದ ಇರುವ ಯಂತ್ರೋಪಕರಣ ಸಂಶೋಧನಾ ಸಂಸ್ಥೆ ಸಿಎಂಟಿಐ ತುಮಕೂರು ರಸ್ತೆಯಲ್ಲಿದೆ. ಯಂತ್ರೋಪಕರಣಗಳ ದೊಡ್ಡ ಮೇಳ ಇಮ್ಟೆಕ್ಸ್ ನಡೆಯುವುದು ಮಾದಾವರದಲ್ಲಿ. ಜರ್ಮನಿಗೋ ಅಮೆರಿಕಕ್ಕೋ ತಿಂಗಳ ಮಟ್ಟಿಗೆ ಕಳುಹಿಸುವ ಕಂಪನಿಗಳು ನಮ್ಮ ಊರಿನ ಇನ್ನೊಂದು ಮೂಲೆಗೆ ಅರ್ಧ ದಿನ ಕಳುಹಿಸಲು ಹಿಂದೆಮುಂದೆ ನೋಡುತ್ತವೆ. ಇದು ನನಗೆ ಬೇಸರದ ಸಂಗತಿ.

ನಮ್ಮ ಕಡೆಯವರ ತಪ್ಪೂ ಇದೆ, ಮುಚ್ಚಿಡುವುದಿಲ್ಲ. ಡ್ರಾಯಿಂಗಿನಲ್ಲಿ ಸಂದೇಹ ಬಂದರೂ ಕೇಳಿದರೆ ಆರ್ಡರು ಹೋದೀತೆಂದು ಬಾಯಿ ಮುಚ್ಚಿಕೊಂಡು ಮಾಡಿಕೊಡುವ ಶಾಪುಗಳು ಪೀಣ್ಯದಲ್ಲಿ ಬೇಕಾದಷ್ಟಿವೆ. ಡೈ ಸವೆದು ಬರ್ ದಪ್ಪವಾದರೂ ಸಾಣೆ ಹಿಡಿಯದೆ ಇನ್ನೊಂದು ಲಾಟು ಹೊಡೆಯುವವರಿದ್ದಾರೆ. ನೀವು ಎದುರಿಗೆ ಬಂದು ಕೊಕ್ಕೆಯ ಅಂಚಿಗೆ ಉಗುರು ಎಳೆದು ನೋಡತೊಡಗಿದರೆ ಅದೂ ನಿಲ್ಲುತ್ತದೆ. ಸಾಣೆ ಹಿಡಿಯಲು ಹೊತ್ತು ಕೊಡಿ ಎಂದು ಮಾಲೀಕನಿಗೆ ಹೇಳಲು ಆಪರೇಟರನಿಗೂ ಬಾಯಿ ಬರುತ್ತದೆ.

ಬರುವ ದಾರಿ ಈಗ ಕಷ್ಟವಲ್ಲ. ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ನಿಲ್ಲಬೇಕಾಗಿಲ್ಲ. ವೈಟ್‌ಫೀಲ್ಡಿನವರು ಕಾಡುಗೋಡಿಯಲ್ಲಿ ಮೆಟ್ರೋದ ನೇರಳೆ ಮಾರ್ಗ ಹತ್ತಿ ಮೆಜೆಸ್ಟಿಕ್ಕಿನಲ್ಲಿ ಹಸಿರು ಮಾರ್ಗಕ್ಕೆ ಬದಲಿಸಿ. ಎಲೆಕ್ಟ್ರಾನಿಕ್ ಸಿಟಿಯವರಿಗೆ 2025ರ ಆಗಸ್ಟಿನಿಂದ ಹಳದಿ ಮಾರ್ಗ ಇದೆ, ಆರ್.ವಿ. ರಸ್ತೆಯಲ್ಲಿ ಬದಲಿಸಿದರೆ ಅದೇ ಹಸಿರು ಗಾಡಿ. ಪೀಣ್ಯ ಇಂಡಸ್ಟ್ರಿ ನಿಲ್ದಾಣದಲ್ಲಿ ಇಳಿದು ಕೆಳಗೆ ಯಾವ ಟೀ ಅಂಗಡಿಯಲ್ಲಿ ಕೇಳಿದರೂ ಪ್ರೆಸ್ ಶಾಪುಗಳ ಸಾಲು ತೋರಿಸುತ್ತಾರೆ. ಶನಿವಾರ ಬೆಳಗ್ಗೆ ಬನ್ನಿ, ಅಂದು ನಮ್ಮಲ್ಲಿ ಅರ್ಧ ದಿನ ಪ್ರೆಸ್ ಓಡುತ್ತದೆ, ಉಳಿದರ್ಧ ದಿನ ಟೂಲುಗಳ ರಿಪೇರಿ, ಎರಡನ್ನೂ ನೋಡಬಹುದು. ಚಪ್ಪಲಿ ಬೇಡ, ಗಟ್ಟಿ ಶೂ ಹಾಕಿಕೊಂಡು ಬನ್ನಿ. ಕಂಪನಿಯ ಡ್ರಾಯಿಂಗ್ ಹೊರಗೆ ತರುವಂತಿಲ್ಲ ಎಂದಾದರೆ ಬರಿಗೈಯಲ್ಲಿ ಬಂದರೂ ಆದೀತು. ಹಿಂದಕ್ಕೆ ಬಂದ, ಸವೆದ, ಮುರಿದ ಕೊಕ್ಕೆಗಳನ್ನು ನಾವು ಒಂದು ಡಬ್ಬದಲ್ಲಿ ತೆಗೆದಿಟ್ಟಿದ್ದೇವೆ, ಒಂದೊಂದಕ್ಕೂ ಚೀಟಿ ಕಟ್ಟಿದೆ. ಮೊದಲು ಅದನ್ನೇ ಮೇಜಿನ ಮೇಲೆ ಸುರಿದುಕೊಂಡು ಕೂರೋಣ.

ಇಂತಿ ನಿಮ್ಮ ವಿಶ್ವಾಸಿ,
ಪೀಣ್ಯದ ಒಬ್ಬ ಪ್ರೆಸ್ ಶಾಪ್ ಮಾಲೀಕ